ಅಂಜನಕ್ಕನ ಬೆಳಗಿನ ಪಾಳಿ

ಮುಧೋಳ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೊದಲ ಪಾತ್ರೆ ಇನ್ನೂ ಕುದಿ ಹಿಡಿದಿಲ್ಲ. ಎರಡು ಟ್ರೇಲರ್ ತುಂಬ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದಿದೆ. ಸಾಲಂಗಡಿಗಳೆಲ್ಲ ಮುಚ್ಚಿರುವ ಈ ಹೊತ್ತಿನಲ್ಲಿ ಒಂದೇ ಒಂದು ಶಟರ್ ಅರ್ಧ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಊದಿನಕಡ್ಡಿಯ ವಾಸನೆ, ಗೋಡೆಗೆ ಒರಗಿ ಸರದಿ ಕಾಯುವ ಮೂರ್ನಾಲ್ಕು ಹುಡುಗರು. ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತ ಹುಡುಗಿಯೊಬ್ಬಳು ಮೊಬೈಲ್ ನೋಡಿಕೊಂಡು ಇಂಗ್ಲಿಷಿನಲ್ಲಿ ಏನನ್ನೋ ಓದುತ್ತಿದ್ದಾಳೆ. ಎದುರಿಗೆ ನೀಲಿ ಸೀರೆಯ ಹೆಣ್ಣುಮಗಳೊಬ್ಬರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾರೆ.

ಓದು ಮುಗಿಯುತ್ತದೆ. ಅವರು ಕಣ್ಣು ತೆರೆಯುತ್ತಾರೆ.

“ಈಗ ಕನ್ನಡದಾಗ ಹೇಳು. ಮೊದಲನೇ ಸಾಲಿನಾಗ ಏನ್ ಬರದೀ?”

“ಬಾಲ್ಯದಿಂದಲೂ ಮಣ್ಣಿನ ಬಗ್ಗೆ ನನಗೆ ಅಪಾರ ಒಲವಿತ್ತು, ಅಂತ ಬರದೇನ್ರಿ ಅಕ್ಕಾ.”

“ಖರೆ ಹೇಳು. ಸಣ್ಣಾಕಿ ಇದ್ದಾಗ ಮಣ್ಣಿನ ಮ್ಯಾಲ ನಿನಗ ಏನ್ ಒಲವಿತ್ತು?”

ಹುಡುಗಿ ಮೊಬೈಲನ್ನು ಮಡಿಲಿಗೆ ಇಳಿಸುತ್ತಾಳೆ. ಆಮೇಲೆ ದನಿ ತಗ್ಗಿಸಿ, “ತಿಂತಿದ್ದೆರಿ” ಅನ್ನುತ್ತಾಳೆ.

ಅಂಗಡಿ ತುಂಬ ನಗು. ಹೊರಗೆ ಚಹಾ ಸೋಸುತ್ತಿದ್ದವನೂ ತಿರುಗಿ ನೋಡುತ್ತಾನೆ. ನಗು ನಿಂತ ಮೇಲೆ ಆ ಹೆಣ್ಣುಮಗಳು ಇನ್ನೊಂದು ಪ್ರಶ್ನೆ ಹಾಕುತ್ತಾರೆ: “ಯಾವ ಮಣ್ಣು ಛಲೋ ಇರತಿತ್ತು?”

“ಮಸಾರಿದು, ಕೆಂಪ ಮಣ್ಣು, ಛಲೋ ಇರತಿತ್ರಿ. ಕರೀ ಎರಿ ಮಣ್ಣ ಹಲ್ಲಿಗಿ ಅಂಟತಿತ್ತು. ಅವ್ವ ಬಡೀತಿದ್ಳು.” ಹುಡುಗಿಗೆ ಈಗ ಮಾತು ಸಲೀಸಾಗಿದೆ. “ಅದ ಹೊಲ ಈಗ ಸವಳ ಆಗೇತ್ರಿ ಅಕ್ಕಾ. ಕಬ್ಬಿಗೆ ನೀರ ಬಿಟ್ಟ ಬಿಟ್ಟ ಮ್ಯಾಲ ಬೆಳ್ಳಗ ಉಪ್ಪ ಬಂದೈತಿ. ಹ್ವಾದ ವರ್ಷ ಸುಮ್ನ ಒಂದ್ ಚೂರು ನಾಲಿಗಿಗೆ ಹಚ್ಚಿ ನೋಡಿದ್ನಿ. ಉಪ್ಪುಪ್ಪ.”

“ಅದನ್ನ ಬರಿಯವಾ. ನೀ ತಿಂದ ಮಣ್ಣು ಉಪ್ಪ ಆಗೇತಿ, ಯಾಕ ಆತು ಅಂತ ನಿನಗ ಕಲೀಬೇಕಾಗೇತಿ. ಇದಕ್ಕಿಂತ ದೊಡ್ಡ ಒಲವ ಎಲ್ಲೈತಿ?”

ಹುಡುಗಿಯ ಹೆಸರು ಕಾವ್ಯ. ಊರು ರನ್ನ ಬೆಳಗಲಿ. ಕೃಷಿ ಪದವಿ ಮುಗಿಸಿದ್ದಾಳೆ, ಮಣ್ಣು ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದಾಳೆ. ಮೊಬೈಲಿನಲ್ಲಿದ್ದದ್ದನ್ನು ತಾನೇ ಅಳಿಸಿ, ಹಾಳೆ ತೆಗೆದುಕೊಂಡು ಮೂಲೆಯಲ್ಲಿ ಬರೆಯಲು ಕೂರುತ್ತಾಳೆ. ಆ ಖಾಲಿ ಕುರ್ಚಿಗೆ ಇನ್ನೊಬ್ಬ ಹುಡುಗ ಬಂದು ಕೂರುತ್ತಾನೆ.

ನೀಲಿ ಸೀರೆಯ ಹೆಣ್ಣುಮಗಳು ಅಂಜನಾ ಮಂಟೂರ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಕಾಲೇಜುಗಳಲ್ಲಿ ಪದವಿ ಮುಗಿಸಿ ಮುಂದೆ ಓದಬೇಕೆನ್ನುವ ಹುಡುಗರ ಬಾಯಲ್ಲಿ ‘ಅಂಜನಕ್ಕ’. ಅಂಗಡಿಯ ಬೋರ್ಡಿನ ಮೇಲೆ ಇರುವುದು ಟೈಪಿಂಗ್, ಝೆರಾಕ್ಸ್, ಬಾಂಡ್ ಪೇಪರ್ ಎಂಬ ಮೂರೇ ಮಾತು. ಬೆಳಗಿನ ಹೊತ್ತು ಇಲ್ಲಿ ನಡೆಯುವ ಕೆಲಸ ಆ ಬೋರ್ಡಿನಲ್ಲಿ ಇಲ್ಲ.

ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ದೊಡ್ಡ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಅಂಕಪಟ್ಟಿ ನೋಡಿ ಸುಮ್ಮನಾಗುವುದಿಲ್ಲ. ನೀನು ಯಾರು, ಇದನ್ನೇ ಯಾಕೆ ಓದಬೇಕು, ಈವರೆಗೆ ಏನು ಮಾಡಿದ್ದೀ ಎಂದು ಎರಡು ಪುಟ ಬರೆದುಕೊಡು ಅನ್ನುತ್ತವೆ. ಹುಡುಗರು ಅದಕ್ಕೆ ‘ಎಸ್‌ಒಪಿ’ ಎನ್ನುತ್ತಾರೆ. ಜೊತೆಗೆ ಗುರುಗಳಿಂದಲೋ ಮೇಲಧಿಕಾರಿಗಳಿಂದಲೋ ಶಿಫಾರಸು ಪತ್ರ ಬೇಕು, ಒಪ್ಪವಾದ ಬಯೋಡಾಟಾ ಬೇಕು. ಅಂಕ ಎಷ್ಟೇ ಇದ್ದರೂ ಈ ಎರಡು ಪುಟದ ಮುಂದೆ ನಮ್ಮ ಕಡೆಯ ಹುಡುಗರು ಹಿಂಜರಿಯುತ್ತಾರೆ. ತಮ್ಮ ಬಗ್ಗೆ ತಾವು ಹೇಳಿಕೊಳ್ಳುವುದು ಅವರಿಗೆ ಯಾರೂ ಕಲಿಸಿದ್ದಲ್ಲ. ಬಡಾಯಿ ಕೊಚ್ಚಬೇಡ ಎಂದು ಕಲಿಸಿದವರೇ ಎಲ್ಲ.

“ನಾ ಬರದ ಕೊಡಂಗಿಲ್ರಿ” ಎಂದು ಅಂಜನಾ ಮೊದಲೇ ಹೇಳಿಬಿಡುತ್ತಾರೆ. “ಬರದ ಕೊಡ್ರಿ ಅಕ್ಕಾ ಅಂತ ಬಂದವರಿಗೆ, ಬಾ, ಕುಂದರು, ಮಾತಾಡೋಣು ಅಂತೇನಿ. ಅವರು ಹೇಳ್ತಾರ, ನಾ ಕೇಳ್ತೇನಿ. ಮೊದಲ ಕನ್ನಡದಾಗ ಬರೀತಾರ. ಆಮ್ಯಾಲ ಇಬ್ಬರೂ ಡಿಕ್ಷನರಿ ಹಿಡಕೊಂಡು ಇಂಗ್ಲಿಷಿಗೆ ತರತೇವಿ. ನನಗೂ ಇಂಗ್ಲಿಷ್ ಅಷ್ಟಕ್ಕಷ್ಟ.”

ಈಗೀಗ ಫೋನಿಗೆ ಹೇಳಿದರೆ ಅದೇ ಬರೆದು ಕೊಡುತ್ತದಲ್ಲ ಎಂದು ಕೇಳಿದೆ. ಅವರು ನಕ್ಕರು. “ಕೊಡತೈತ್ರಿ, ಬಾಳ ಛಂದ ಕೊಡತೈತಿ. ಖರೆ ಅದಕ್ಕ ಇಕಿ ಮಣ್ಣ ತಿಂದದ್ದ ಗೊತ್ತಿಲ್ಲಲ್ರಿ.”

ಎಲ್ಲ ಮುಗಿದ ಮೇಲೆ ಅವರದೊಂದು ಕೊನೆಯ ಪರೀಕ್ಷೆ ಇದೆ. ಬರೆದದ್ದರಲ್ಲಿ ಯಾವುದಾದರೂ ಸಾಲು ಅತಿಯಾಯಿತು ಅನ್ನಿಸಿದರೆ, “ಇದನ್ನ ನಿಮ್ಮವ್ವನ ಮುಂದ ಓದಿ ಹೇಳಾಕ ಬರತೈತೇನು?” ಎಂದು ಕೇಳುತ್ತಾರೆ. ‘ಅದಮ್ಯ ನಾಯಕತ್ವ ಗುಣ’ ಎಂದು ಬರೆದವರು ತಲೆ ಕೆರೆದುಕೊಂಡು ತಾವೇ ಹೊಡೆದು ಹಾಕುತ್ತಾರೆ.

ಬೆಳಗಿನ ಈ ಹೊತ್ತನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಹತ್ತು ಗಂಟೆಯಾದರೆ ಕೋರ್ಟಿನ ಕೆಲಸ, ಆಧಾರ್ ತಿದ್ದುಪಡಿ, ಸಾಲದ ಅರ್ಜಿ ಅಂತ ಅಂಗಡಿ ಕಿಕ್ಕಿರಿಯುತ್ತದೆ. ಅರ್ಜಿ ಹಾಕುವ ಹುಡುಗರಲ್ಲೂ ಬಹಳ ಮಂದಿ ಎಲ್ಲೋ ಕೆಲಸಕ್ಕಿದ್ದವರು. ಮಗ್ಗಕ್ಕೆ, ಶಾಲೆಗೆ, ಮೆಡಿಕಲ್ ಅಂಗಡಿಗೆ ಹೋಗುವ ಮುಂಚೆ ಮೊದಲ ಬಸ್ಸಿಗೆ ಬಂದು ಹೋಗುತ್ತಾರೆ. ಅರ್ಜಿಯ ಹಂಗಾಮೂ ಕಬ್ಬಿನ ಹಂಗಾಮೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಐದಾರು ಮಂದಿ ಇದ್ದೇ ಇರುತ್ತಾರೆ. ಪ್ರಿಂಟಿಗೆ, ಸ್ಕ್ಯಾನಿಗೆ ಏನು ದರವೋ ಅಷ್ಟನ್ನೇ ಅಂಜನಾ ತೆಗೆದುಕೊಳ್ಳುತ್ತಾರೆ. “ಮಾತಾಡಿಸಿದ್ದಕ್ಕ ರೊಕ್ಕ ತಗೋಳೋದ ಹ್ಯಾಂಗ್ರಿ?” ಅನ್ನುತ್ತಾರೆ.

ಅಂಜನಾ ಹುಟ್ಟಿದ್ದು ಮುಧೋಳದಲ್ಲೇ. ತಂದೆ ಗುರಪ್ಪ ಸರಕಾರಿ ಕಚೇರಿಯೊಂದರಲ್ಲಿ ಸಿಪಾಯಿ. ಇಬ್ಬರೂ ಮಕ್ಕಳು ಓದಬೇಕೆಂಬ ಹಟ ಅವರದು. ಅಂಜನಾ ಬಿ.ಎ. ಮುಗಿಸಿ ಎಂ.ಎ.ಗೆ ಅರ್ಜಿ ಹಾಕಿದ ವರ್ಷವೇ ಗುರಪ್ಪ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಬಂದ ನೌಕರಿ ತಮ್ಮ ಧರ್ಮರಾಜನಿಗೆ ಹೋಯಿತು. ಮನೆಯ ಹಿರಿಯರು ಕೂತು ಹಾಗೆ ತೀರ್ಮಾನ ಮಾಡಿದರು, ಹಿರಿಯಳಾದ ಮಗಳನ್ನು ಯಾರೂ ಕೇಳಲಿಲ್ಲ.

“ಅವಗ ನೌಕರಿ ಬಂತು, ನನಗ ಮಷೀನ ಬಂತು” ಎನ್ನುತ್ತಾರೆ ಅಂಜನಾ. ದನಿಯಲ್ಲಿ ಕಹಿ ಇಲ್ಲ. “ಅಪ್ಪನ ಗೆಳೆಯರೊಬ್ಬರು ಹಳೇ ಟೈಪ್‌ರೈಟರ್ ಕೊಟ್ರು. ಕೋರ್ಟಿನ ಹೊರಗ ತಗಡಿನ ಕೆಳಗ ಕುಂತ್ನಿ. ಹೆಣಮಗಳು ಅಲ್ಲಿ ಎದಕ ಕುಂದರಬೇಕು ಅಂತ ಮಂದಿ ಅಂದ್ರು. ಅವ್ವ, ‘ಕುಂತ ದುಡಿಯಾಕತ್ತಾಳ, ನಿಂತವರು ನೀವ್ಯಾಕ ಮಾತಾಡ್ತೀರಿ’ ಅಂದ್ಳು.”

ಹನ್ನೆರಡು ವರ್ಷ ಆ ತಗಡಿನ ಕೆಳಗೇ ಕಳೆದರು. ಹೊಲದ ತಂಟೆ, ಗೋಡೆಯ ಜಗಳ, ಜೀವನಾಂಶ ಅಂತ ನೂರಾರು ತಕರಾರುಗಳನ್ನು ಟೈಪ್ ಮಾಡಿದರು. “ಅಲ್ಲಿ ಮಂದಿ ಒಂದ್ ಹೇಳ್ತಿದ್ರು, ಕಾಗದ ಒಂದ್ ಹೇಳತಿತ್ರಿ. ಒಬ್ಬಾಕಿ ಮುದಿಕಿ ಬಂದು, ‘ನನ್ನ ಮಗ ನನಗ ಉಣ್ಣಾಕ ಕೊಡ್ತಾನ, ಖರೆ ಊಟದ ತಟ್ಟಿ ನೆಲಕ್ಕ ಕುಕ್ಕತಾನ’ ಅಂದ್ಳು. ಅದನ್ನ ‘ಸದರಿ ಅರ್ಜಿದಾರಳಿಗೆ ಮಾನಸಿಕ ಹಿಂಸೆ’ ಅಂತ ಬಡಿದ್ನಿ. ಆ ತಟ್ಟಿ ಸಪ್ಪಳ ಎಲ್ಲಿ ಹೋತು? ಆಕಿ ಹೋದ ಮ್ಯಾಲೂ ನನ್ನ ಕಿವ್ಯಾಗ ಇತ್ತು.”

ಕಂಪ್ಯೂಟರ್ ಬಂದ ಮೇಲೆ ಬಸ್ ನಿಲ್ದಾಣದ ಎದುರು ಈ ಮಳಿಗೆ ಹಿಡಿದರು. ಒಂದು ದಿನ ಬೀಳಗಿಯ ಪರಸಪ್ಪ ಎಂಬ ಹುಡುಗ ಎರಡು ಪುಟ ಪ್ರಿಂಟ್ ಹಾಕಿಸಲು ಬಂದ. ಭೂಗೋಳದಲ್ಲಿ ಎಂ.ಎ. ಮಾಡಬೇಕೆಂದಿದ್ದ. ಕಾಗುಣಿತ ನೋಡಿಕೊಡ್ರಿ ಅಂದ. ಅಂಜನಾ ಡಿಕ್ಷನರಿ ಇಟ್ಟುಕೊಂಡು ಓದುತ್ತ ಹೋದರು. ಎರಡನೇ ಸಾಲಿನಲ್ಲಿ, ‘ನಮ್ಮ ಮನೆಯ ಹಿಂದಿನ ಸರೋವರ ಪ್ರತಿ ಚಳಿಗಾಲ ಹೆಪ್ಪುಗಟ್ಟುತ್ತಿತ್ತು’ ಎಂದಿತ್ತು.

“ತಮ್ಮಾ, ಬೀಳಗಿಯಾಗ ಯಾವ ಕೆರಿ ಬರ್ಫ ಆಗತೈತೋ?” ಎಂದು ಕೇಳಿದರು.

ಪರಸಪ್ಪ ಎಲ್ಲಿಂದಲೋ ಇಳಿಸಿಕೊಂಡದ್ದು ಅದು, ಹೆಸರು ಬದಲಿಸಿದ್ದ, ಸರೋವರ ಹಾಗೇ ಉಳಿದಿತ್ತು. ಇಬ್ಬರೂ ನಕ್ಕರು. ನಿಮ್ಮ ಮನೆಯ ಹಿಂದೆ ಖರೇನ ಏನೈತಿ ಎಂದು ಅಂಜನಾ ಕೇಳಿದರು. ಹುಡುಗನ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಸರಿದಾಗ ಹಳೆಯ ಊರಿನ ಗೋಡೆಗಳು ಎದ್ದು ಬರುತ್ತಿದ್ದವು. ಅಜ್ಜ ಅವನನ್ನು ಕರೆದುಕೊಂಡು ಹೋಗಿ, ಇದು ಪಡಸಾಲಿ, ಇದು ಅಡಗಿ ಮನಿ, ಇಲ್ಲಿ ನಿಮ್ಮಪ್ಪ ಹುಟ್ಟಿದ್ದು ಎಂದು ಕೆಸರಿನಲ್ಲಿ ನಿಂತು ತೋರಿಸುತ್ತಿದ್ದರು. ನೀರು ಎಷ್ಟು ಸರಿಯಿತು, ಯಾವ ಗೋಡೆ ಮೊದಲು ಕಾಣಿಸಿತು ಎಂದು ಪ್ರತಿ ವರ್ಷ ಗುರುತು ಹಾಕುವುದು ಪರಸಪ್ಪನ ಆಟವಾಗಿತ್ತು. ಆ ಆಟದ ಬಗ್ಗೆಯೇ ಅವನು ಬರೆದ. ಪ್ರವೇಶ ಸಿಕ್ಕಿತು. ಈಗ ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾನೆ, ತನ್ನ ವಿದ್ಯಾರ್ಥಿಗಳನ್ನು ಮೊದಲ ಬಸ್ಸಿಗೆ ಹತ್ತಿಸಿ ಇಲ್ಲಿಗೆ ಕಳಿಸುತ್ತಾನೆ.

ಹೀಗೆ ಬಂದವರಲ್ಲಿ ಅಂಜನಾ ಮರೆಯದ ಹೆಸರು ರೇಷ್ಮಾಳದು. ಕಳೆದ ವರ್ಷದ ಮಾತು. ರೇಷ್ಮಾ ಬಿ.ಎಸ್ಸಿ. ನರ್ಸಿಂಗ್ ಮಾಡಿ ಸಮೀರವಾಡಿ ಕಡೆಯ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ಕೆಲಸಕ್ಕಿದ್ದಳು. ಹೊರರಾಜ್ಯದ ಹೆಸರುವಾಸಿ ಸಂಸ್ಥೆಯೊಂದರಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುವ ಆಸೆ. ಎರಡು ವರ್ಷ ಸತತ ಅರ್ಜಿ ಹಾಕಿದ್ದಳು. ಎರಡೂ ಸಲ ಸಂದರ್ಶನಕ್ಕೇ ಕರೆ ಬಂದಿರಲಿಲ್ಲ. ಇದೇ ಕಡೀ ಸಲ, ಇದಾಗದಿದ್ದರೆ ಮುಂದೆ ಈ ಸುದ್ದಿ ತೆಗೆಯುವುದಿಲ್ಲ ಎಂದು ತೀರ್ಮಾನಿಸಿ ಅಂಗಡಿಗೆ ಬಂದಳು. ಗಂಡ ದುರಗೇಶ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನೇ ಬೈಕಿನಲ್ಲಿ ಕರೆತಂದು, ಹೊರಗೆ ಕಟ್ಟೆಯ ಮೇಲೆ ಚಹಾ ಹಿಡಿದು ಕೂತ.

ರೇಷ್ಮಾ ತಂದದ್ದನ್ನು ಓದಿದಳು. ಸೇವೆಯೇ ನನ್ನ ಧ್ಯೇಯ, ಸಮಾಜಕ್ಕಾಗಿ ನನ್ನ ಜೀವನ. ಅಂಜನಾ ಕೇಳುತ್ತ ಹೋದರು. ಏನು ಕೆಲಸ ಮಾಡ್ತೀ? ಇಂಜೆಕ್ಷನ್ ಮಾಡ್ತೇನ್ರಿ. ಮತ್ತ? ಬಿ.ಪಿ. ನೋಡ್ತೇನ್ರಿ. ಮತ್ತ? ಎಲ್ಲಾರೂ ಮಾಡೂದನ್ನ ಮಾಡ್ತೇನ್ರಿ ಅಕ್ಕಾ, ಏನೂ ವಿಶೇಷ ಇಲ್ಲ. ಅರ್ಧ ತಾಸು ಹೀಗೇ ಹೋಯಿತು. ಇನ್ನು ಎದ್ದು ಹೋಗುವವಳೇ ಅನ್ನುವಾಗ ಹೊರಗಿನಿಂದ ದುರಗೇಶನ ದನಿ ಬಂತು.

“ಆ ಚೀಲದ ಸುದ್ದಿ ಹೇಳಲೇ ಇಲ್ಲಲಾ!”

“ನೀ ಸುಮ್ನ ಕುಂದರು” ಎಂದಳು ರೇಷ್ಮಾ.

“ಯಾವ ಚೀಲ?” ಎಂದು ಅಂಜನಾ ಕೇಳಿದರು.

“ಅದೇನ್ ದೊಡ್ಡದಲ್ರಿ ಅಕ್ಕಾ.”

ಈ ಘಟನೆಯನ್ನು ನನಗೆ ಹೇಳಿದ್ದು ದುರಗೇಶನೇ. ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, ಅದೇ ಕಟ್ಟೆಯ ಮೇಲೆ ಕೂತು ಹೇಳಿದ. “ಅಕ್ಕಾರು ಹೊರಗ ಬಂದು ನನ್ನ ಒಳಗ ಕರಕೊಂಡು ಹೋದ್ರಿ. ‘ನೀ ಹೇಳಪಾ’ ಅಂದ್ರು. ಇಕಿ ನನ್ನ ಕಣ್ಣ ಬಿಟ್ಟ ನೋಡಾಕತ್ತಿದ್ಳು. ನಾ ಹೇಳೇ ಬಿಟ್ಟಿನ್ರಿ.”

ಸುದ್ದಿ ಇಷ್ಟು. ಹಂಗಾಮಿನಲ್ಲಿ ಕಬ್ಬು ಕಡಿಯಲು ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಮಂದಿ ಬರುತ್ತಾರೆ. ಹೊಲದ ಬದುವಿನಲ್ಲಿ ಗುಡಿಸಲು ಹಾಕುತ್ತಾರೆ, ಕಬ್ಬು ಮುಗಿದರೆ ಮುಂದಿನ ಊರು. ರೇಷ್ಮಾ ಅವರ ಕೂಸುಗಳಿಗೆ ಲಸಿಕೆ ಹಾಕಿ ಕಾರ್ಡು ಬರೆದು ಕೊಡುತ್ತಿದ್ದಳು. ಹದಿನೈದು ದಿನಕ್ಕೆ ಕಾರ್ಡು ಮಾಯ. ಮಳೆಗೆ ತೋಯ್ದದ್ದು, ಒಲೆ ಹೊತ್ತಿಸಿದ್ದು, ಎತ್ತು ತಿಂದದ್ದು. ಮುಂದಿನ ಊರಿನ ನರ್ಸಿಗೆ ಯಾವ ಕೂಸಿಗೆ ಏನು ಹಾಕಿದೆ ಎಂದು ಗೊತ್ತಾಗುತ್ತಿರಲಿಲ್ಲ. ಕೆಲವು ಕೂಸುಗಳಿಗೆ ಹಾಕಿದ್ದನ್ನೇ ಮತ್ತೆ ಹಾಕಿದರು, ಕೆಲವಕ್ಕೆ ಏನೂ ಇಲ್ಲ. ರೇಷ್ಮಾ ಗಂಡನ ಗ್ಯಾರೇಜಿನಲ್ಲಿ ಬಿದ್ದಿದ್ದ ಟ್ರ್ಯಾಕ್ಟರ್ ಸೀಟಿನ ಹಳೆಯ ರೆಗ್ಜಿನ್ ಕತ್ತರಿಸಿ, ಕಾರ್ಡು ಹಿಡಿಯುವಷ್ಟು ಚೀಲ ಹೊಲಿಸಿದಳು. ಗಾಡಿಗೊಂದರಂತೆ ಕಟ್ಟಿಸಿದಳು.

ದುರಗೇಶ ಇಲ್ಲಿಗೆ ನಿಲ್ಲಿಸಿದ್ದರೂ ಸಾಕಿತ್ತು. ಅವನು ನಿಲ್ಲಿಸಲಿಲ್ಲ. “ಒಂದ್ ತಿಂಗಳ ಬಿಟ್ಟ ಹೋಗಿ ನೋಡಿದ್ರ ಅರ್ಧಕ್ಕರ್ಧ ಚೀಲ ಗಾಡಿಯಾಗ ಇಲ್ರಿ! ಎಲ್ಲಿ ಅಂದ್ರ, ಗಂಡಸರ ಸೊಂಟದಾಗ! ತಂಬಾಕ ಸುಣ್ಣ ಇಟಗೊಂಡಾರ! ಕಾರ್ಡೂ ಅದರಾಗ, ಸುಣ್ಣಾನೂ ಅದರಾಗ.”

ರೇಷ್ಮಾ ಮೊದಲ ದಿನ ಸಿಟ್ಟಿಗೆದ್ದಳಂತೆ. ಎರಡನೇ ದಿನ ಒಂದು ಮಾತು ಹೊಳೆಯಿತು. ಗಾಡಿಯಲ್ಲೇ ಉಳಿದ ಚೀಲಗಳಲ್ಲಿ ಎಷ್ಟೋ ಕಳೆದಿದ್ದವು. ತಂಬಾಕು ಇಟ್ಟುಕೊಂಡ ಚೀಲ ಒಂದೂ ಕಳೆದಿರಲಿಲ್ಲ. ಮನುಷ್ಯ ಏನು ಮರೆತರೂ ತಂಬಾಕಿನ ಚೀಲ ಮರೆಯುವುದಿಲ್ಲ. ಮುಂದಿನ ಹಂಗಾಮಿಗೆ ಅವಳು ಎರಡು ಖಾನೆಯ ಚೀಲ ಹೊಲಿಸಿದಳು. ಒಂದರಲ್ಲಿ ಅಪ್ಪನ ತಂಬಾಕು, ಇನ್ನೊಂದರಲ್ಲಿ ಕೂಸಿನ ಕಾರ್ಡು. ಆ ವರ್ಷ ಕಾರ್ಡುಗಳು ಊರೂರು ಸುತ್ತಿ, ಮುಂದಿನ ಹಂಗಾಮಿಗೆ ತಿರುಗಿ ಅವಳ ಕೈಗೇ ಬಂದವು.

ಕೇಳುತ್ತ ಕೇಳುತ್ತ ಅಂಜನಾ ಕುರ್ಚಿಯಿಂದ ಎದ್ದು ನಿಂತಿದ್ದರು. “ಯವ್ವಾ, ಇದನ್ನ ಬಿಟ್ಟು ಸೇವೆಯೇ ನನ್ನ ಧ್ಯೇಯ ಅಂತ ಬರದಿಯಲ್ಲ!”

“ಇದನ್ನ ಹ್ಯಾಂಗ ಬರೀಲ್ರಿ ಅಕ್ಕಾ?” ರೇಷ್ಮಾಳ ಕಣ್ಣಲ್ಲಿ ನೀರು ಬಂದಿತ್ತು. “ತಂಬಾಕ ಬಿಡ್ರಿ ಅಂತ ಹೇಳಬೇಕಾದಾಕಿ ನಾನು. ಆರೋಗ್ಯ ಕೇಂದ್ರದಾಕಿ ತಂಬಾಕಿಗೆ ಚೀಲ ಹೊಲಿಸಿ ಕೊಟ್ಟಾಳ ಅಂದ್ರ ಅವರು ನಗ್ತಾರ. ನಮ್ಮ ಮೇಡಂಗೆ ಗೊತ್ತಾದ್ರ ನೌಕರಿಗೂ ಸಂಚಕಾರ.”

ಮೇಡಂ ಎಂದರೆ ಆ ಭಾಗದ ವೈದ್ಯಾಧಿಕಾರಿ ಡಾಕ್ಟರ್ ಯಶೋಧರಾ. ರೇಷ್ಮಾಗೆ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ. ಕೆಲಸದ ಗಡಿಬಿಡಿಯಲ್ಲಿ, “ನೀನೇ ಬರಕೊಂಡು ಬಾ, ಸಹಿ ಹಾಕ್ತೀನಿ” ಎಂದಿದ್ದರು. ಹಾಗೆ ಹೇಳುವವರು ಬಹಳ ಮಂದಿ, ಅದರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಅಂಜನಾ ಮಾತ್ರ ಒಪ್ಪಲಿಲ್ಲ. “ಸಹಿ ಅವರದಾದ್ರ ಮಾತೂ ಅವರದ ಇರಬೇಕು. ಹೋಗು, ಎಲ್ಲಾ ಹೇಳು. ತಂಬಾಕಿನ ಸುದ್ದೀನೂ ಹೇಳು. ಅವರು ಬ್ಯಾಡ ಅಂದ್ರ ಬಿಡೋಣು. ಹೆದರಿಕೊಂಡು ಬಿಡೂದ ಬ್ಯಾಡ.”

ಎರಡು ದಿನ ರೇಷ್ಮಾ ಹೋಗಲೇ ಇಲ್ಲ. ಮೂರನೆಯ ದಿನ, ಲಸಿಕೆಯ ಡಬ್ಬಿ ಹಿಡಿದು ಮೇಡಂ ಜೊತೆ ಜೀಪಿನಲ್ಲಿ ಹೋಗುವಾಗ, ಕಿಟಕಿಯ ಹೊರಗೆ ನೋಡುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರ್ ಯಶೋಧರಾ ಅವಳ ಕಡೆ ತಿರುಗಿ ನೋಡಿದರು. ಆಮೇಲೆ ನಗತೊಡಗಿದರು.

“ನನಗ ಗೊತ್ತಿಲ್ಲಂತ ತಿಳಕೊಂಡಿದ್ದೀಯಾ? ಸುಣ್ಣ ಹತ್ತಿದ ಕಾರ್ಡಿನ ಮ್ಯಾಲ ಎಷ್ಟ ಸಹಿ ಮಾಡೀನಿ ನಾನು! ನೀ ಯಾವಾಗ ಹೇಳ್ತೀ ಅಂತ ಕಾಯಾಕತ್ತಿದ್ನಿ.”

ಅದೇ ಸಂಜೆ ಅಂಜನಾ ಅವರ ಫೋನಿಗೆ ಡಾಕ್ಟರರ ದನಿಯಲ್ಲೇ ಒಂದು ಉದ್ದನೆಯ ಸಂದೇಶ ಬಂತು, ಹೀಗೆ ಟೈಪ್ ಮಾಡಿ ಕಳಿಸಿ, ಓದಿ ಸಹಿ ಹಾಕುತ್ತೇನೆ ಎಂದು. ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಿದ್ದ ಅಂಜನಾ ನಡುವೆ ನಡುವೆ ನಗುತ್ತಿದ್ದರು, ಒಂದು ಸಲ ಸೆರಗಿನಿಂದ ಕಣ್ಣೂ ಒರೆಸಿಕೊಂಡರು. ಅದರಲ್ಲಿ ಏನಿತ್ತು ಎಂದು ರೇಷ್ಮಾ ಇಂದಿಗೂ ಕೇಳುತ್ತಾಳೆ. ನಾನೂ ಕೇಳಿದೆ.

“ಹೇಳಂಗಿಲ್ರಿ. ಅದು ಅವರು ಸಂಸ್ಥೆಗೆ ಬರದದ್ದು. ನಾ ಬರೇ ಬಟನ್ ಒತ್ತಿದಾಕಿ.”

ತಂಬಾಕಿನ ಚೀಲದಿಂದಲೇ ರೇಷ್ಮಾಳ ಎರಡು ಪುಟ ಶುರುವಾದವು. ಕನ್ನಡದಲ್ಲಿ ನಾಲ್ಕು ಸಲ ಬರೆದಳು, ಇಂಗ್ಲಿಷಿನಲ್ಲಿ ಎಷ್ಟು ಸಲವೋ. ‘ಖಾನೆ’ ಎನ್ನುವುದಕ್ಕೆ ಸರಿಯಾದ ಇಂಗ್ಲಿಷ್ ಮಾತು ಯಾವುದೆಂದು ಇಬ್ಬರೂ ಒಂದು ಬೆಳಗು ಪೂರ್ತಿ ಜಗಳಾಡಿದರು. ಕಡೆಗೆ ದುರಗೇಶ ಒಂದು ಚೀಲವನ್ನೇ ತಂದು ಮೇಜಿನ ಮೇಲಿಟ್ಟು, “ಫೋಟೋ ಹಚ್ಚಿ ಬಿಡ್ರಿ ಅತ್ತಾಗ” ಎಂದ. ಹಚ್ಚಿದರು.

ಒಂದು ತಿಂಗಳಿಗೆ ಸಂದರ್ಶನದ ಕರೆ ಬಂತು, ವಿಡಿಯೋ ಮೂಲಕ. ರೇಷ್ಮಾಳ ಮನೆಯಲ್ಲಿ ನೆಟ್‌ವರ್ಕ್ ನೆಟ್ಟಗಿಲ್ಲ, ಹಾಗಾಗಿ ಅಂಗಡಿಯಲ್ಲೇ ವ್ಯವಸ್ಥೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದರ ಬಿಸಿಲು. ಅಂಜನಾ ಆ ದಿನ ಬೇರೆ ಗಿರಾಕಿಗಳನ್ನು ಹೊರಗೇ ನಿಲ್ಲಿಸಿದರು. ಬಾಂಡಿಗೆ ಬಂದವರು, ಝೆರಾಕ್ಸಿಗೆ ಬಂದವರು ಎಲ್ಲರೂ ಚಹಾದಂಗಡಿಯ ನೆರಳಿನಲ್ಲಿ ಸದ್ದು ಮಾಡದೆ ಕೂತರು. ಒಬ್ಬಳ ಪರೀಕ್ಷೆ ನಡೆದಿದೆ ಎಂದಷ್ಟೇ ಅವರಿಗೆ ಗೊತ್ತು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ತೆರೆಯ ಮೇಲಿದ್ದ ಮೂವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು. ಆರೋಗ್ಯ ಕಾರ್ಯಕರ್ತೆಯಾಗಿ ನೀವು ತಂಬಾಕಿಗೆ ಚೀಲ ಹೊಲಿಸಿಕೊಟ್ಟಿರಿ, ಇದು ಸರಿಯೇ?

ರೇಷ್ಮಾ ಬಾಯಿ ತೆರೆದಳು. ಕರೆಂಟು ಹೋಯಿತು.

ಫ್ಯಾನು ನಿಂತಿತು, ತೆರೆ ಕಪ್ಪಾಯಿತು. ಅಂಗಡಿಯ ಇನ್ವರ್ಟರ್ ವಾರದ ಹಿಂದೆಯೇ ಕೈಕೊಟ್ಟಿತ್ತು. ಅಂಜನಾ ತಮ್ಮ ಫೋನಿನಿಂದ ಸಂಸ್ಥೆಯ ಕಚೇರಿಗೆ ಕರೆ ಮಾಡಿ, ಬಂದ ಇಂಗ್ಲಿಷಿನಲ್ಲಿ “ಕರೆಂಟ್ ಗಾನ್ ಸರ್, ಗರ್ಲ್ ನಾಟ್ ಗಾನ್ ಸರ್” ಎಂದರು. ಆ ಕಡೆಯವರು ನಕ್ಕು, ಹತ್ತು ನಿಮಿಷ ಕಾಯುತ್ತೇವೆ ಎಂದರು. ಅಷ್ಟರಲ್ಲಿ ದುರಗೇಶ ಓಡಿದ್ದ. ನಿಲ್ದಾಣದ ಪಕ್ಕ ನಿಂತಿದ್ದ ಪರಿಚಯದವರ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ, ಹೆಗಲ ಮೇಲೆ ಹೊತ್ತು ತಂದ. ನೆರಳಿನಲ್ಲಿ ಕೂತಿದ್ದವರಲ್ಲಿ ಒಬ್ಬರು ತಂತಿ ಹಿಡಿದರು, ಇನ್ನೊಬ್ಬರು ಪಕ್ಕದ ಮೊಬೈಲ್ ಅಂಗಡಿಯ ಇನ್ವರ್ಟರ್ ಎತ್ತಿಕೊಂಡು ಬಂದರು. ತೆರೆ ಬೆಳಗಿತು. ಆ ಕಡೆಯ ಮೂವರಿಗೂ ರೇಷ್ಮಾಳ ಹಿಂದೆ ಗ್ರೀಸ್ ಮೆತ್ತಿದ ಅಂಗಿಯ ಗಂಡಸೊಬ್ಬ ಬ್ಯಾಟರಿ ತಬ್ಬಿಕೊಂಡು ಕೂತದ್ದು ಕಾಣಿಸುತ್ತಿತ್ತು.

ಹಿರಿಯರು ಪ್ರಶ್ನೆಯನ್ನು ಮತ್ತೆ ಕೇಳಿದರು. ಆ ಹತ್ತು ನಿಮಿಷದ ಓಡಾಟ ರೇಷ್ಮಾಳ ಹೆದರಿಕೆಯನ್ನೇ ಎತ್ತಿಕೊಂಡು ಹೋಗಿತ್ತು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಂಜನಾ ನನಗೆ ಕನ್ನಡದಲ್ಲಿ ಹೇಳಿದರು.

“‘ತಂಬಾಕ ಬಿಡ್ರಿ ಅಂತ ನಾ ದಿನಾ ಹೇಳ್ತೇನ್ರಿ ಸರ್. ಒಂದಿನ ಬಿಡ್ತಾರ. ಅವರು ಬಿಡೂತನಕ ಕೂಸು ಕಾಯಂಗಿಲ್ಲ.’ ಹಿಂಗಂದ್ಳು ನೋಡ್ರಿ. ಆ ಸರ್ ಕನ್ನಡಕ ಹಾಕ್ಕೊಂಡು ಏನೋ ಬರಕೊಂಡ್ರು. ನನಗ ಮೈ ಝುಮ್ ಅಂತು. ಈ ಮಾತ ಎರಡು ಪುಟದಾಗ ಎಲ್ಲೂ ಇರಲಿಲ್ರಿ. ನಾ ಕೇಳಿದ್ದೂ ಅಲ್ಲ, ನಾ ಕಲಿಸಿದ್ದೂ ಅಲ್ಲ.”

ಫಲಿತಾಂಶ ಬಂದ ದಿನ ದುರಗೇಶ ಆ ಟ್ರ್ಯಾಕ್ಟರನ್ನೇ ಕೇಳಿ ಪಡೆದು ತಂದು ಅಂಗಡಿಯ ಮುಂದೆ ನಿಲ್ಲಿಸಿ, ಪೊಲೀಸರು ಬಂದು ಬಯ್ಯುವವರೆಗೆ ಹಾರ್ನ್ ಹೊಡೆದ. ಬಯ್ಯಲು ಬಂದ ಪೊಲೀಸರಿಗೂ ಬಿಸಿ ಜಿಲೇಬಿ ಸಿಕ್ಕಿತು. ಡಾಕ್ಟರ್ ಯಶೋಧರಾ ಉಪಕೇಂದ್ರದ ಗೋಡೆಗೆ ಎರಡು ಖಾನೆಯ ಚೀಲವೊಂದನ್ನು ಮೊಳೆ ಹೊಡೆದು ತೂಗು ಹಾಕಿಸಿದ್ದಾರೆ. ಈ ಹಂಗಾಮಿನಲ್ಲಿ ಸುತ್ತಲಿನ ಕೇಂದ್ರಗಳೂ ಅಂಥ ಚೀಲ ಕೇಳಿವೆಯಂತೆ. ದುರಗೇಶನ ಗ್ಯಾರೇಜಿನಲ್ಲಿ ಹಳೆಯ ಸೀಟು ಈಗ ಸಾಲುತ್ತಿಲ್ಲ.

ಎಂಟು ಗಂಟೆಯ ಹೊತ್ತಿಗೆ ಅಂಜನಾರ ತಾಯಿ ತಾರವ್ವ ರೊಟ್ಟಿಯ ಗಂಟು ಹಿಡಿದು ಅಂಗಡಿಗೆ ಬರುತ್ತಾರೆ. ಓದು ಬರಹ ಇಲ್ಲದವರು, ಮಾತು ಮಾತ್ರ ಚುರುಕು. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಎಂದೆ. “ಮಂದೀ ಬಾಯಿ ಬಿಡಸ್ತಾಳ್ರಿ” ಎಂದರು. “ಸಣ್ಣಾಕಿ ಇದ್ದಾಗಿಂದ ಹಂಗ. ನಾ ಸಿಟ್ಟಾಗಿ ಮಾತ ಬಿಟ್ರ, ಇಕಿ ಮುಂದ ಕುಂತು ಒಂದೊಂದ ಕೇಳಿ ಕೇಳಿ ನಗಸತಿದ್ಳು.” ಹೇಳುತ್ತಲೇ ಬರೆಯುತ್ತ ಕೂತ ಕಾವ್ಯಳ ಕೈಗೂ ಒಂದು ರೊಟ್ಟಿ, ಮೇಲೆ ಶೇಂಗಾ ಚಟ್ನಿ ಹಾಕಿ ಕೊಡುತ್ತಾರೆ. ಹಸಿದು ಬಂದ ಮಕ್ಕಳಿಗೆ ಮಾತು ಬರುವುದಿಲ್ಲ ಎನ್ನುವುದು ತಾರವ್ವನ ಲೆಕ್ಕ. ಅದಕ್ಕೇ ಹಂಗಾಮಿನಲ್ಲಿ ಎರಡು ಸೇರು ಹಿಟ್ಟು ಹೆಚ್ಚಿಗೆ ನಾದುತ್ತಾರೆ.

ನಿಮಗೇ ಎಂ.ಎ. ಮಾಡಬೇಕು ಅನ್ನಿಸುವುದಿಲ್ಲವೇ ಎಂದು ಅಂಜನಾರನ್ನು ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದರು. “ಅನಿಸತೈತ್ರಿ. ಹ್ವಾದ ವರ್ಷ ದೂರಶಿಕ್ಷಣಕ್ಕ ಹೆಸರ ಹಚ್ಚೇನಿ. ಪರಸಪ್ಪ ಪುಸ್ತಕಾ ತಂದ ಕೊಡ್ತಾನ. ಮಧ್ಯಾಹ್ನ ಗಿರಾಕಿ ಕಡಿಮಿ ಇದ್ದಾಗ ಓದ್ತೇನಿ. ಒಮ್ಮೊಮ್ಮೆ ನಿದ್ದಿ ಹತ್ತತೈತಿ” ಎಂದು ತಮ್ಮಷ್ಟಕ್ಕೆ ತಾವೇ ನಕ್ಕರು.

ರೇಷ್ಮಾ ಈಗ ಮೊದಲ ವರ್ಷದಲ್ಲಿದ್ದಾಳೆ. ನಾನು ಫೋನ್ ಮಾಡಿದಾಗ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದಳು. ಊರೂರು ತಿರುಗುವ ಕೂಲಿಕಾರರ ಕೂಸುಗಳ ಆರೋಗ್ಯದ ಬಗ್ಗೆಯೇ ತನ್ನ ಪ್ರಬಂಧ ಎಂದಳು. ಹಿಂದಿನ ತಿಂಗಳು ಅದರ ಮೊದಲ ಅಧ್ಯಾಯ ಬರೆದಿದ್ದಳಂತೆ. ಗೈಡ್‌ಗೆ ಕೊಡುವ ಮೊದಲು ಅಂಜನಕ್ಕನಿಗೆ ಕಳಿಸಿದಳು, ತಪ್ಪಿದ್ದರೆ ತಿದ್ದಿ ಕಳಿಸ್ರಿ ಎಂದು.

ತಿದ್ದಿದಿರಾ ಎಂದು ಅಂಜನಾರನ್ನು ಕೇಳಿದೆ. ಹೊರಗೆ ಬಿಸಿಲೇರುತ್ತಿದೆ. ಕೋರ್ಟಿನ ಕಾಗದ ಹಿಡಿದವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಅವರು ಶಟರನ್ನು ಪೂರ್ತಿ ಮೇಲೆತ್ತಿ, ಕೈಯ ಧೂಳು ಝಾಡಿಸಿಕೊಂಡು ನನ್ನ ಕಡೆ ತಿರುಗಿದರು.

“ಪ್ರಿಂಟ್ ತಗದು ಎರಡ ದಿನ ಓದಿದ್ನಿರಿ. ಅರ್ಧ ತಿಳೀತು, ಅರ್ಧಕ್ಕ ಡಿಕ್ಷನರಿ ನೋಡಿದ್ನಿ. ಹುಡುಕಿ ಹುಡುಕಿ ನೋಡಿದ್ನಿ. ಅದರಾಗ ನನ್ನ ಮಾತು ಒಂದೂ ಇಲ್ರಿ. ಎಲ್ಲಾ ಆಕೀ ಮಾತ.”